ಮೃಗಶಿರೆ ಮಳೆ ಬಾರದ ಊರಿನಲ್ಲಿ ಒಂದು ಸೊಪ್ಪಿನ ಮಡಿ

ಸಿಂಕಿನ ಮುಂದೆ ನಿಂತು ಭಾರ್ಗವಿ ಪಾಲಕ್ ಸೊಪ್ಪನ್ನು ನಾಲ್ಕನೆಯ ಸಲ ತೊಳೆಯುತ್ತಿದ್ದಳು. ಗಂಡ ಅನಂತರಾಮ ಕಾಫಿ ಲೋಟ ಹಿಡಿದು ನೋಡುತ್ತಾ ನಿಂತಿದ್ದ.

“ಸಾಕು ಬಿಡೇ. ಸೊಪ್ಪಿನ ಬಣ್ಣವೇ ಹೋದೀತು.”

“ಹೋದ್ರೆ ಹೋಗ್ಲಿ ರೀ. ಯಾವ ನೀರಲ್ಲಿ ಬೆಳೆದಿದ್ದೋ ಯಾರಿಗೆ ಗೊತ್ತು? ಮಾರೋಳನ್ನ ಕೇಳಿದ್ರೆ ‘ಸವಾ, ಮಮಾ, ಸವಾ’ ಅಂತ ಸ್ವಾಹಿಲಿಯಲ್ಲಿ ಹೇಳ್ತಾಳೆ. ಎಲ್ಲಾ ಸರಿಯಾಗೇ ಇದೆಯಂತೆ. ಪಾಪ, ಅವಳು ಮಾರೋಳು, ಬೆಳೆಯೋಳಲ್ಲ. ಅವಳಿಗಾದ್ರೂ ಹೇಗೆ ಗೊತ್ತಿರತ್ತೆ?”

ನಗರದ ಕೆಲವು ಕಡೆ ಚರಂಡಿ ನೀರು ಹಾಯಿಸಿ ಸೊಪ್ಪು ಬೆಳೆಯುತ್ತಾರೆಂದು ಪತ್ರಿಕೆಯಲ್ಲಿ ಓದಿದಂದಿನಿಂದ ಆ ಮನೆಯಲ್ಲಿ ಸಾರಿನ ಮೇಲೆ ಹಸಿ ಕೊತ್ತಂಬರಿ ಉದುರಿಸುವುದು ನಿಂತಿತ್ತು. ವಾರಕ್ಕೊಮ್ಮೆ ಆಗುತ್ತಿದ್ದ ಮಸ್ಸೊಪ್ಪು ತಿಂಗಳಿಗೊಮ್ಮೆಗೆ ಇಳಿದಿತ್ತು. ಸೊಪ್ಪಿಗೆ ಬರವಿಲ್ಲದ ನೈರೋಬಿಯಲ್ಲಿ ಕೂತು ಬೇಳೆ ಸಾರನ್ನೇ ಉಣ್ಣುವುದು ಅನಂತರಾಮನಿಗೆ ವಿಚಿತ್ರವೆನಿಸುತ್ತಿತ್ತು.

“ಒಂದು ಚೂರು ಜಾಗ ಇದ್ದಿದ್ರೆ ನಾನೇ ಬೆಳೀತಿದ್ದೆ,” ಎಂದಳು ಭಾರ್ಗವಿ, ಸೊಪ್ಪನ್ನು ಜರಡಿಗೆ ಸುರಿಯುತ್ತಾ.

ಬೆಂಗಳೂರಿನ ಶಾಲೆಯ ಕೆಲಸ ಬಿಟ್ಟು ಗಂಡನ ಬ್ಯಾಂಕಿನ ವರ್ಗಾವಣೆಯ ಹಿಂದೆ ಬಂದವಳು ಅವಳು. ಬಂದು ಒಂದೂವರೆ ವರ್ಷವಾಗಿತ್ತು. ಇಷ್ಟು ದಿನಗಳಲ್ಲಿ ತನಗೆಂದು ಅವಳು ಕೇಳಿದ ಮೊದಲ ವಸ್ತು ಇದು. ಆ ಮಾತು ಅನಂತರಾಮನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅದು 2016ರ ಮೇ ತಿಂಗಳು. ನಗರದ ಸೌತ್ ಸಿ ಬಡಾವಣೆಯಲ್ಲಿ ಅವರಿದ್ದ ಕಾಂಪೌಂಡಿನಲ್ಲಿ ಹನ್ನೆರಡು ಮನೆಗಳು. ಹಿಂಭಾಗದಲ್ಲಿ ನಲವತ್ತು ಅಡಿ ಉದ್ದದ ಒಂದು ಪಾಳು ಪಟ್ಟಿ. ಅದಕ್ಕೆ ಕ್ಯಾಬ್ರೋ ಕಲ್ಲು ಹಾಸಿ ಕಾರು ನಿಲ್ಲಿಸಬೇಕೆಂದು ನಿವಾಸಿಗಳ ಸಂಘ ತಿಂಗಳ ಕೊನೆಯ ಭಾನುವಾರದ ಸಭೆಯಲ್ಲಿ ತೀರ್ಮಾನಿಸುವುದರಲ್ಲಿತ್ತು. ಸಭೆಯಲ್ಲಿ ಎಂದೂ ಬಾಯಿ ಬಿಡದ ಅನಂತರಾಮ ಅಂದು ಎದ್ದು ನಿಂತ. ತನ್ನ ತಾತ ರೈತ, ಕೃಷಿ ತನಗೆ ಗೊತ್ತು, ಆ ಜಾಗ ಕೊಟ್ಟರೆ ತರಕಾರಿ ಬೆಳೆದು ತೋರಿಸುತ್ತೇನೆ ಎಂದ.

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು. “ಸೆಪ್ಟೆಂಬರ್ ಕೊನೆಯ ಭಾನುವಾರದವರೆಗೆ ಜಾಗ ನಿಮ್ಮದು. ಅಷ್ಟರಲ್ಲಿ ಹಸಿರು ಕಂಡರೆ ಉಳಿಯುತ್ತದೆ. ಇಲ್ಲವಾದರೆ ಕ್ಯಾಬ್ರೋ,” ಎಂದರು.

ಮನೆಗೆ ಬಂದು ಹೇಳಿದಾಗ ಭಾರ್ಗವಿ ಹಳೆಯ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹಿತ್ತಲಿಗೆ ಹೋಗಿ, ಕತ್ತಲಾಗುವವರೆಗೂ ಕಲ್ಲು ಆರಿಸಿದಳು.

ಅಡುಗೆಮನೆಯ ಗೋಡೆಯ ಮೇಲೆ ಊರಿನಿಂದ ತಂದ ಕ್ಯಾಲೆಂಡರ್ ತೂಗುತ್ತಿತ್ತು. ತಿಥಿ, ವಾರ, ರಾಹುಕಾಲದ ಜೊತೆಗೆ ಮಳೆ ನಕ್ಷತ್ರಗಳೂ ಅದರಲ್ಲಿ ಅಚ್ಚಾಗಿದ್ದವು. ರೋಹಿಣಿ ಮುಗಿಯುತ್ತಿತ್ತು, ಮೃಗಶಿರೆ ಬರುತ್ತಿತ್ತು.

“ಮೃಗಶಿರೆಯಲ್ಲಿ ಬಿತ್ತಿದ್ರೆ ಸರಿ. ಹಿಂದೇನೇ ಆರಿದ್ರಾ. ಆರಿದ್ರಾ ಮಳೆ ಆರದೆ ಹುಯ್ಯತ್ತೆ ಅಂತಿದ್ರು ನಮ್ಮ ತಾತ,” ಎಂದ ಅನಂತರಾಮ.

ಏಪ್ರಿಲ್‌ನಲ್ಲಿ ರಜೆಗೆ ಹೋದಾಗ ಎಂದಾದರೂ ಬೇಕಾದೀತೆಂದು ಸೂಟ್‌ಕೇಸಿನ ಮೂಲೆಯಲ್ಲಿ ತುರುಕಿ ತಂದಿದ್ದ ಬೀಜದ ಪೊಟ್ಟಣಗಳನ್ನು ಬಿಚ್ಚಿದ. ಬೆಂಡೆ, ಹೀರೆ, ಅವರೆ. ಜೂನ್ 12ರ ಭಾನುವಾರ ಮೂವರೂ ಹಿತ್ತಲಿಗಿಳಿದರು. ಮಗಳು ಪ್ರಣತಿಗೆ ಹತ್ತು ವರ್ಷ. ಅವಳು ನೀರಿನ ಡಬ್ಬಿ ಹಿಡಿದಳು. ಪಟ್ಟಿಯ ಉತ್ತರದ ತುದಿಯಲ್ಲಿ ಎರಡಂತಸ್ತಿನ ಮನೆಯ ಗೋಡೆ, ಗೋಡೆಗೆ ನಲ್ಲಿ. ನಲ್ಲಿಗೆ ಹತ್ತಿರವಿರಲಿ, ಗಾಳಿಗೂ ಮರೆಯಾಗುತ್ತದೆ ಎಂದು ಅನಂತರಾಮ ಅಲ್ಲೇ ಸಾಲು ಎಳೆದ.

ಕಾಂಪೌಂಡಿನ ಗಿಡಗಳನ್ನು ನೋಡಿಕೊಳ್ಳುತ್ತಿದ್ದ ಜೋಸೆಫ್ ಸ್ವಲ್ಪ ದೂರದಲ್ಲಿ ಬೇಲಿ ಕತ್ತರಿಸುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ನಗರದಾಚೆಯ ಬೆಟ್ಟದೂರು ಲಿಮುರು ಕಡೆಯವರು. ಕತ್ತರಿ ಕೆಳಗಿಟ್ಟು ಬಂದರು.

“ಬ್ವಾನಾ, ಇದು ಯಾವ ಬೀಜ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬ್ವಾನಾ ಎಂದರೆ ಸ್ವಾಹಿಲಿಯಲ್ಲಿ ‘ಸ್ವಾಮಿ’.

ಅನಂತರಾಮ ಬೆಂಡೆಬೀಜ ತೋರಿಸಿದ. ಜೋಸೆಫ್ ಅದನ್ನು ಅಂಗೈಯಲ್ಲಿ ಹೊರಳಿಸಿದರು. “ಇದು ಬಿಸಿಲೂರಿನದು. ಈಗ ಚಳಿ ಶುರುವಾಯಿತು. ಆಗಸ್ಟ್ ಮುಗಿಯುವ ತನಕ ಮಣ್ಣು ತಣ್ಣಗಿರುತ್ತದೆ. ಮಳೆಯೂ ಮುಗಿಯಿತು.”

“ಮಳೆ ಬರುತ್ತದೆ ಜೋಸೆಫ್. ನಮ್ಮ ಮನೆತನವೇ ರೈತರದು.”

ಜೋಸೆಫ್ ಬೀಜವನ್ನು ಹಿಂತಿರುಗಿಸಿ ಬೇಲಿಯ ಕಡೆ ನಡೆದರು.

ಮೃಗಶಿರೆ ಕಳೆಯಿತು. ಮೋಡವೇನೋ ದಿನವೂ ಕವಿಯುತ್ತಿತ್ತು, ಹನಿ ಮಾತ್ರ ಬೀಳಲಿಲ್ಲ. ಆರಿದ್ರಾ ಬಂತು. ಬೆಳಗ್ಗೆ ಬ್ಯಾಂಕಿಗೆ ಹೊರಟಾಗ ಸ್ವೆಟರ್ ಮೇಲೆ ಕೋಟು ಹಾಕುವಷ್ಟು ಚಳಿ. ಮಳೆ ಬಾರದ್ದಕ್ಕೆ ಅನಂತರಾಮ ದಿನಾ ಸಂಜೆ ಪೈಪು ಹಿಡಿದು ಮಡಿ ತುಂಬ ನೀರು ಬಿಟ್ಟ. ಮೂರನೆಯ ವಾರ ನಾಲ್ಕು ಬೆಂಡೆ ಸಸಿ ಮೇಲೆದ್ದವು, ಐದನೆಯ ವಾರ ಅವು ಹಳದಿಯಾಗಿ ಅಡ್ಡ ಮಲಗಿದವು. ಅವರೆ ಎರಡೆಲೆ ಬಿಟ್ಟು ಅಲ್ಲೇ ನಿಂತಿತು. ಹೀರೆ ಕಾಣಿಸಲೇ ಇಲ್ಲ. ಪ್ರಣತಿ ಮಣ್ಣು ಕೆದಕಿ ಒಂದು ಬೀಜ ಹೊರತೆಗೆದಳು. ಅದು ಕೊಳೆತು ಮೆತ್ತಗಾಗಿತ್ತು.

“ಅಪ್ಪಾ, ಇಟ್ಸ್ ಡೆಡ್.”

“ನೋಡೋಣ, ಇನ್ನೂ ಟೈಮಿದೆ.”

“ನೋ ಅಪ್ಪಾ. ರಿಯಲಿ ಡೆಡ್.”

ಎರಡನೇ ಮಹಡಿಯ ಒಬ್ಬರು ಮೆಟ್ಟಿಲಿಳಿಯುತ್ತಾ ಪಟ್ಟಿಯ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು ಹೋದರು. ಅವರು ಎರಡನೇ ಕಾರು ಕೊಳ್ಳುವವರೆಂದು ಎಲ್ಲರಿಗೂ ಗೊತ್ತಿತ್ತು. ಭಾರ್ಗವಿ ಕಿಟಕಿಯಿಂದ ನೋಡುತ್ತಿದ್ದವಳು ಪರದೆ ಎಳೆದಳು. ಅವಳು ಬೈದಿದ್ದರೆ ಅನಂತರಾಮನಿಗೆ ಹಗುರಾಗುತ್ತಿತ್ತು.

ಜುಲೈ 17ರ ಭಾನುವಾರ ಚಿತ್ರಾ ಊಟಕ್ಕೆ ಬಂದಳು. ಗದಗಿನವಳು. ನಗರದ ಗಿಗಿರಿ ಬಡಾವಣೆಯ ಒಂದು ಸಂಸ್ಥೆಯಲ್ಲಿ ಮಣ್ಣು ಪರೀಕ್ಷೆಯ ಕೆಲಸ. ಯುಗಾದಿಯ ದಿನ ಕನ್ನಡಿಗರು ಸೇರಿದ್ದಾಗ ಭಾರ್ಗವಿಗೆ ಪರಿಚಯವಾಗಿದ್ದಳು. ಬೇಗ ಬಂದವಳನ್ನು ಭಾರ್ಗವಿ ನೇರವಾಗಿ ಹಿತ್ತಲಿಗೇ ಕರೆದೊಯ್ದಳು. ಅನಂತರಾಮ ಹಿಂದೆ ಹಿಂದೆ ನಡೆದ.

ಚಿತ್ರಾ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಎತ್ತಿ ಒಡೆದಳು. “ಎರಿ ಮಣ್ಣ್ ಐತಲ್ರೀ ಸರ ಇದು! ನಮ್ಮ ಊರಿಂದ ಹೊತಗೊಂಡ್ ಬಂದಂಗ ಐತಿ.”

“ಕಪ್ಪಗಿದೆ, ಫಲವತ್ತಾಗಿರತ್ತೆ ಅಂದ್ಕೊಂಡೆ.”

“ಫಲ ಕೊಡತೈತ್ರಿ. ಆದ್ರ ನೀರು ಕುಡದ್ರ ಬಿಡೂದಿಲ್ಲ. ಚಳಿಗಾಲದಾಗ ಸಂಜೀಕ ನೀರು ಬಿಟ್ರ ರಾತ್ರಿಯೆಲ್ಲಾ ಬೇರು ಐಸ್ ನೀರಾಗ ನಿಂತಂಗ. ಕೊಳೀದ ಏನ್ ಮಾಡತೈತಿ?” ಎನ್ನುತ್ತಾ ಕಾರಿನಿಂದ ಉದ್ದ ಸೂಜಿಯಂಥ ಥರ್ಮಾಮೀಟರ್ ತಂದು ಗೋಡೆಯ ಪಕ್ಕದ ಮಣ್ಣಿಗೆ ಚುಚ್ಚಿದಳು. “ಓದ್ರಿ ನೀವ.”

ಬೆಳಗಿನ ಹತ್ತು ಗಂಟೆ. ಹದಿನೈದು ಡಿಗ್ರಿ.

“ಬೆಂಡಿಕಾಯಿ ಛಲೋತ್ನಾಗಿ ಏಳಬೇಕಂದ್ರ ಇಪ್ಪತ್ತರ ಮ್ಯಾಲ ಬೇಕ್ರಿ. ಹೀರಿಕಾಯಿಗೂ ಹಂಗ. ನೈರೋಬಿ ಸಮುದ್ರದಿಂದ ಐದೂವರೆ ಸಾವಿರ ಅಡಿ ಎತ್ತರದಾಗ ಐತಿ. ಬೆಂಗಳೂರು ಮೂರು ಸಾವಿರ. ಮತ್ತ ನಾವು ಸಮಭಾಜಕ ದಾಟಿ ದಕ್ಷಿಣಕ್ಕ ಬಂದೀವಿ. ಅಲ್ಲಿ ಮುಂಗಾರು ಇರೂ ಜೂನು-ಜುಲೈ ಇಲ್ಲಿ ಒಣ ಚಳಿಗಾಲ. ಇಲ್ಲಿ ದೊಡ್ಡ ಮಳಿ ಮಾರ್ಚ್ ನಡುವಿಂದ ಮೇ ತನಕ, ಸಣ್ಣ ಮಳಿ ಅಕ್ಟೋಬರ್ ನಡುವಿಂದ ಡಿಸೆಂಬರ್.”

“ನಮ್ಮ ತಾತ ಜೀವಮಾನವೆಲ್ಲಾ ನಕ್ಷತ್ರ ನೋಡಿಯೇ ಬಿತ್ತಿದ್ದು, ಚಿತ್ರಾ ಅವರೇ,” ಎಂದ ಅನಂತರಾಮ. ದನಿ ಸ್ವಲ್ಪ ಗಟ್ಟಿಯಾಗಿತ್ತು.

“ಬರೇ ನಕ್ಷತ್ರ ನೋಡ್ತಿದ್ರೋ, ಮತ್ತೇನರ ನೋಡ್ತಿದ್ರೋ?”

ಅನಂತರಾಮನ ಕಣ್ಣ ಮುಂದೆ ತಾತನ ಹೊಲ ಬಂತು. ಆಗ ಅವನು ಹುಡುಗ. ಒಂದು ವರ್ಷ ರೋಹಿಣಿ ಬಂದಿತ್ತು, ಬಿತ್ತನೆಗೆ ಎಲ್ಲರೂ ಅವಸರಪಡುತ್ತಿದ್ದರು. ತಾತ ಹೊಲದ ನಡುವೆ ಕೂತು, ಕೈಯನ್ನು ಮಣಿಕಟ್ಟಿನವರೆಗೆ ಮಣ್ಣಿಗಿಳಿಸಿ, ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿದ್ದರು. ಉಂಡೆ ನಿಲ್ಲಲಿಲ್ಲ. “ಹದ ಬಂದಿಲ್ಲ,” ಎಂದು ಎದ್ದು ಮನೆಗೆ ಹೊರಟಿದ್ದರು. ಆ ವರ್ಷ ಅವರು ಹನ್ನೆರಡು ದಿನ ತಡವಾಗಿ ಬಿತ್ತಿದ್ದರು. ತಾನು ನಕ್ಷತ್ರದ ಹೆಸರು ನೆನಪಿಟ್ಟುಕೊಂಡಿದ್ದೆ, ತಾತನ ಆ ಮುಷ್ಟಿಯನ್ನು ಮರೆತಿದ್ದೆ ಎಂದು ಅನಂತರಾಮನಿಗೆ ಹೊಳೆಯಿತು.

“ಹದ ನೋಡ್ತಿದ್ರು,” ಎಂದ ಮೆತ್ತಗೆ.

“ಅಷ್ಟ ನೋಡ್ರಿ. ಅಂದಂಗ, ಬೀಜ ಎಲ್ಲಿಂದ ತಂದ್ರಿ?”

“ಬೆಂಗಳೂರಿಂದ. ಸೂಟ್‌ಕೇಸಲ್ಲಿ.”

“ಪರವಾನಗಿ ಮಾಡಿಸಿದ್ರೇನ್ರಿ?”

ಅನಂತರಾಮ ಬಗ್ಗಿ, ಅಡ್ಡ ಮಲಗಿದ್ದ ಬೆಂಡೆ ಸಸಿಯೊಂದನ್ನು ನೆಟ್ಟಗೆ ನಿಲ್ಲಿಸಲು ನೋಡಿದ. ಭಾರ್ಗವಿ ಐದು ವಾರಗಳಲ್ಲಿ ಮೊದಲ ಸಲ ಜೋರಾಗಿ ನಕ್ಕಳು. “ಇವರು ಬ್ಯಾಂಕಲ್ಲಿ ಕಾಂಪ್ಲಯನ್ಸ್ ಆಫೀಸರು ಕಣ್ರೀ ಚಿತ್ರಾ! ಊರವರ ಕಾಗದದಲ್ಲಿ ಒಂದು ಸಹಿ ಕಮ್ಮಿಯಾದ್ರೂ ವಾಪಸ್ ಕಳಿಸೋರು!”

“ನಗು ಬರತೈತಿ ಖರೆ, ಆದ್ರ ಹಗುರ ಮಾತಲ್ಲ,” ಎಂದಳು ಚಿತ್ರಾ. “ಬೀಜದ ಜೋಡಿ ರೋಗಾನೂ ಹುಳಾನೂ ದೇಶ ದಾಟತಾವ. ಆಮದು ಪರವಾನಗಿ, ಆರೋಗ್ಯ ಪ್ರಮಾಣಪತ್ರ ಎರಡೂ ಇಲ್ದ ಬೀಜ ತರೂ ಹಂಗಿಲ್ಲ. ಉಳದಿದ್ದು ಸುಟ್ಟಬಿಡ್ರಿ, ಇವೂ ಕಿತ್ತಬಿಡ್ರಿ. ಇಲ್ಲಿ ಅಂಗಡಿಯೊಳಗ ಈ ಹವಾಕ್ಕ ಒಗ್ಗೂ ಬೀಜ ಸಿಗತಾವ.”

“ಇನ್ನು ಹತ್ತೇ ವಾರ,” ಎಂದ ಅನಂತರಾಮ. “ಹತ್ತು ವಾರದಲ್ಲಿ, ಈ ಚಳಿಯಲ್ಲಿ, ಏನು ತಾನೇ ಬರತ್ತೆ?”

ಚಿತ್ರಾ ಬೇಲಿ ಕತ್ತರಿಸುತ್ತಿದ್ದ ಜೋಸೆಫ್ ಕಡೆ ನೋಡಿದಳು. “ಆ ಅಜ್ಜಾರು ಇಲ್ಲೇ ಕೆಲಸ ಮಾಡ್ತಾರಲ್ಲ, ಅವರನ್ನ ಕೇಳಿದ್ರೇನು?”

ಭಾರ್ಗವಿ ಗಂಡನ ಮುಖ ನೋಡಿದಳು. “ಕೇಳಲೇ ಇಲ್ಲ ಇವರು. ಅವರಾಗೇ ಬಂದು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಅಲ್ಲ.”

ಆ ನಾಲ್ಕು ಹೆಜ್ಜೆ ಅನಂತರಾಮನಿಗೆ ಸುಲಭವಾಗಿರಲಿಲ್ಲ. ಆದರೂ ನಡೆದ. ಹಿರಿಯರನ್ನು ಇಲ್ಲಿಯವರು ಕರೆಯುವಂತೆ ‘ಮ್ಜೇ ಜೋಸೆಫ್’ ಎಂದು ಕರೆದ. ಜೂನ್‌ನಲ್ಲಿ ನಿಮ್ಮ ಮಾತು ಕೇಳಬೇಕಿತ್ತು, ಈಗ ಏನು ಮಾಡಬಹುದು ಎಂದ.

ಜೋಸೆಫ್ ಕೈ ಒರೆಸಿಕೊಂಡರು. ಮೊದಲು ಆಕಾಶ ತೋರಿಸಿದರು. ಈ ತಿಂಗಳುಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಆದ್ದರಿಂದ ಉತ್ತರದ ಈ ಮನೆಯ ನೆರಳು ನಿಮ್ಮ ಮಡಿಯ ಮೇಲೇ ಬೀಳುತ್ತದೆ ಎಂದರು. ಚಿತ್ರಾ ಪಟ್ಟಿಯ ದಕ್ಷಿಣದ ತುದಿಗೆ ಹೋಗಿ ಸೂಜಿ ಚುಚ್ಚಿದಳು. ಹದಿನೆಂಟು.

“ಮಡಿ ಅಲ್ಲಿಗೆ ಬರಲಿ. ಒಂದು ಅಡಿ ಎತ್ತರಿಸಿ. ಕೊಳೆತ ಗೊಬ್ಬರ ಧಾರಾಳ ಬೆರೆಸಿ. ನೀರು ಬೆಳಗ್ಗೆ ಮಾತ್ರ, ಅದೂ ಬೆರಳು ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ,” ಎಂದರು ಜೋಸೆಫ್. “ಲಿಮುರು ಇದಕ್ಕಿಂತ ಚಳಿ. ನಾವೇನು ಉಪವಾಸವಿದ್ದೆವೇ? ಚಳಿಯನ್ನು ಇಷ್ಟಪಡುವ ಗಿಡಗಳೂ ಇವೆ ಬ್ವಾನಾ.”

ನಾಲ್ವರೂ ಕಟ್ಟೆಯ ಮೇಲೆ ಕೂತು ಬೆರಳೆಣಿಸಿದರು. ಮೂಲಂಗಿ ಐದಾರು ವಾರಕ್ಕೆ ಕೈಗೆ ಬರುತ್ತದೆ. ಮೆಂತ್ಯ ಐದು ವಾರ. ಪಾಲಕ್, ಕೊತ್ತಂಬರಿ ಏಳು. ಇಲ್ಲಿಯ ಮನೆಮನೆಯ ಸೊಪ್ಪಾದ ಸುಕುಮಾವನ್ನು ಬೀಜದಿಂದಲ್ಲ, ಸಸಿಯಿಂದಲೇ ನೆಟ್ಟರೆ ಆರು ವಾರಕ್ಕೆ ಕೆಳಗಿನ ಎಲೆ ಮುರಿಯಬಹುದು. ನವಿಲುಕೋಸಿನ ಬಗ್ಗೆ ಜೋಸೆಫ್ ತಲೆ ಅಲ್ಲಾಡಿಸಿದರು, ಹತ್ತು ವಾರಕ್ಕೆ ಅನುಮಾನ ಎಂದರು. ಭಾರ್ಗವಿ ಬಿಡಲಿಲ್ಲ. ಒಂದು ಸಾಲಾದರೂ ಇರಲೆಂದಳು. ಕ್ಯಾರೆಟ್ ಮೂರು ತಿಂಗಳು ಬೇಡುತ್ತದೆಂದು ಬಿಟ್ಟರು.

ಹಳೆಯ ಸಸಿಗಳನ್ನೂ ಉಳಿದ ಬೀಜವನ್ನೂ ಸುಟ್ಟರು. ಮುಂದಿನ ಶನಿವಾರದೊಳಗೆ ಮಡಿ ಎದ್ದಿತು. ಅಂಚಿಗೆ ಹಳೆಯ ಹಲಗೆ ನಿಲ್ಲಿಸಿ, ಇಲ್ಲಿಯ ಅಂಗಡಿಯ ಬೀಜ ಬಿತ್ತಿ, ಸುಕುಮಾ ಸಸಿ ನೆಟ್ಟರು. ತರಕಾರಿ ಸಿಪ್ಪೆಗೆ ಮೂಲೆಯಲ್ಲೊಂದು ಗುಂಡಿ ಆಯಿತು. ಅಕ್ಕಿ, ಬೇಳೆ ತೊಳೆದ ನೀರನ್ನು ಭಾರ್ಗವಿ ಬಕೆಟ್ಟಿನಲ್ಲಿ ಎತ್ತಿಟ್ಟು ಬೆಳಗ್ಗೆ ಹಾಕತೊಡಗಿದಳು. ಸೋಪಿನ ನೀರು ಮಾತ್ರ ಹತ್ತಿರ ಸುಳಿಯಗೊಡಲಿಲ್ಲ. ಅನಂತರಾಮನ ಕೈ ಸಂಜೆಯಾದೊಡನೆ ತಾನಾಗಿ ಪೈಪಿನ ಕಡೆ ಹೋಗುತ್ತಿತ್ತು. ಜೋಸೆಫ್ ಎರಡು ಸಲ ನೋಡಿದರು, ಮೂರನೆಯ ಸಲ ಪೈಪನ್ನು ಸುತ್ತಿ ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು.

“ನಿಮ್ಮ ಮೇಲೂ ಒಬ್ಬ ಕಾಂಪ್ಲಯನ್ಸ್ ಆಫೀಸರ್ ಬಂದ್ರು,” ಎಂದಳು ಭಾರ್ಗವಿ.

ಬಿತ್ತಿದ ಆರನೆಯ ದಿನ ಮೂಲಂಗಿ ಮೊಳಕೆಯೊಡೆಯಿತು. ಪ್ರಣತಿ ಶಾಲೆಯ ಬೂಟಿನಲ್ಲೇ ಓಡಿ ಬಂದು, “ಅಮ್ಮಾ, ದೇ ಆರ್ ಔಟ್!” ಎಂದು ಕೂಗಿದ್ದು ಹನ್ನೆರಡು ಮನೆಗೂ ಕೇಳಿತು. ಆಗಸ್ಟಿನ ಮಂಕು ಬೆಳಗುಗಳಲ್ಲಿ ಚಿಪ್ಪಿಲ್ಲದ ಬಸವನಹುಳುಗಳು ಎಲೆ ತಿನ್ನಲು ಬಂದವು. ಔಷಧಿ ಸಿಂಪಡಿಸಲಿಲ್ಲ. ಪ್ರಣತಿ ಚಮಚದಲ್ಲಿ ಆರಿಸಿ ಉಪ್ಪುನೀರಿನ ಡಬ್ಬಿಗೆ ಹಾಕಿದಳು. ಒಂದು ಸಾಲು ಪಾಲಕ್ ಹೋಯಿತು, ಉಳಿದದ್ದು ನಿಂತಿತು. ಆಗಸ್ಟ್ ಕೊನೆಗೆ ಮೊದಲ ಮೆಂತ್ಯ ಬಂತು. ಭಾರ್ಗವಿ ಒಂದೇ ಸಲ ತೊಳೆದು, ಒಂದು ಕ್ಷಣ ನಿಂತು, ಇರಲಿ ಎಂದು ಇನ್ನೊಮ್ಮೆ ತೊಳೆದಳು.

“ನಮ್ಮದೇ ಸೊಪ್ಪು ಕಣೇ!”

“ನಮ್ಮದಾದ್ರೂ ಮಣ್ಣು ಮಣ್ಣೇ ರೀ.”

ಸೆಪ್ಟೆಂಬರ್ 25ರ ಭಾನುವಾರ ಬೆಳಗ್ಗೆ ತಾಯಿ ಮಗಳು ಹನ್ನೊಂದು ಕಟ್ಟು ಕಟ್ಟಿದರು. ಒಂದೊಂದರಲ್ಲೂ ಸುಕುಮಾ, ಪಾಲಕ್, ನಾಲ್ಕು ಎಳೆ ಕೊತ್ತಂಬರಿ, ಎರಡು ಮೂಲಂಗಿ. ಪ್ರಣತಿ ಉಳಿದ ಹನ್ನೊಂದು ಮನೆಗಳ ಬಾಗಿಲಿಗೆ ಹೋಗಿ ಕೊಟ್ಟು ಬಂದಳು. ನವಿಲುಕೋಸು ಮಾತ್ರ ನಿಂಬೆಹಣ್ಣಿನ ಗಾತ್ರದಲ್ಲೇ ಇತ್ತು. ಜೋಸೆಫ್ ಹೇಳಿದ್ದು ಸರಿಯಾಗಿತ್ತು.

ಸಂಜೆ ಸಭೆ ಹಿತ್ತಲಲ್ಲೇ ನಡೆಯಿತು. ಅಧ್ಯಕ್ಷೆ ಮಡಿಯ ಸುತ್ತ ಒಂದು ಸುತ್ತು ಬಂದು, ಒಂದು ಎಲೆ ಮುರಿದು ಮೂಸಿದರು. ಎರಡನೇ ಮಹಡಿಯವರು ಎದ್ದು ನಿಂತರು. “ಸೊಪ್ಪು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕಾರುಗಳು ರಸ್ತೆಯಲ್ಲಿ ನಿಂತಿವೆ. ಅದೂ ಸುಳ್ಳಲ್ಲ.” ಅರ್ಧ ಗಂಟೆ ಚರ್ಚೆ ನಡೆಯಿತು. ಭಾರ್ಗವಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಕೊನೆಗೆ ಅಧ್ಯಕ್ಷೆ ಪುಸ್ತಕ ಮುಚ್ಚಿದರು. ಅರ್ಧ ಪಟ್ಟಿಗೆ ಕ್ಯಾಬ್ರೋ, ಅರ್ಧ ಪಟ್ಟಿ ತೋಟಕ್ಕೆ, ಇನ್ನು ಗಡುವಿಲ್ಲ ಎಂದರು.

“ಯಾವ ಅರ್ಧ ಬೇಕು, ಮಿಸ್ಟರ್ ಅನಂತರಾಮ?”

ಅನಂತರಾಮ ಎದ್ದ. ಉತ್ತರ ಅವನಿಗೆ ಗೊತ್ತಿತ್ತು. ಆದರೂ ಅವನು ಹಿಂದಿರುಗಿ, ಬೇಲಿಯ ಹತ್ತಿರ ಕತ್ತರಿ ಹಿಡಿದು ನಿಂತಿದ್ದವರ ಕಡೆ ನೋಡಿದ.

“ಮ್ಜೇ ಜೋಸೆಫ್, ನೀವು ಹೇಳಿ. ಯಾವ ಅರ್ಧ?”

ಅಷ್ಟು ಜನರ ಮುಖ ತಮ್ಮ ಕಡೆ ತಿರುಗಿದ್ದು ನೋಡಿ ಜೋಸೆಫ್ ಟೋಪಿ ತೆಗೆದರು. “ನಮಗೆ ದಕ್ಷಿಣದ್ದು ಕೊಡಿ. ನೆರಳಿನದು ಕಾರುಗಳಿಗಿರಲಿ,” ಎಂದರು. “ಕಾರಿಗೆ ಬಿಸಿಲು ಬೇಕಿಲ್ಲ.”

ಎರಡನೇ ಮಹಡಿಯವರೂ ನಕ್ಕರು. ಭಾರ್ಗವಿಯ ಬೆರಳಿನಿಂದ ಸೆರಗು ಜಾರಿತು.

ಅಂದು ರಾತ್ರಿ ಊಟಕ್ಕೆ ಮಸ್ಸೊಪ್ಪು. ಮೇಲೆ ಹಸಿ ಕೊತ್ತಂಬರಿ. ಊಟವಾದ ಮೇಲೆ ಅನಂತರಾಮ ಕ್ಯಾಲೆಂಡರಿನ ಮುಂದೆ ಪೆನ್ಸಿಲ್ ಹಿಡಿದು ನಿಂತ. ಅದನ್ನು ಗೋಡೆಯಿಂದ ತೆಗೆಯಲಿಲ್ಲ. ಅಕ್ಟೋಬರಿನಲ್ಲಿ ಚಿತ್ತಾ ಮಳೆ ಎಂದು ಅಚ್ಚಾಗಿದ್ದ ಜಾಗದ ಪಕ್ಕದಲ್ಲಿ, ‘ಇಲ್ಲಿ ಸಣ್ಣ ಮಳೆ. ಮಣ್ಣು ಮುಟ್ಟಿ ನೋಡಿ, ಜೋಸೆಫರನ್ನು ಕೇಳಿ’ ಎಂದು ಬರೆದ.

ನೈರೋಬಿಗೆ ಬಂದು ನೆಲೆಸಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥದ್ದೊಂದು ಮೂಲೆ ಇದ್ದೀತು. ಬಾಲ್ಕನಿಯಾದರೂ ಸಾಕು, ಮಣ್ಣು ತುಂಬಿದ ಒಂದು ಗೋಣಿಚೀಲದಲ್ಲಿ ಮನೆಗಾಗುವಷ್ಟು ಸೊಪ್ಪು ಬರುತ್ತದೆ. ಚಳಿಯ ಮೂರು ತಿಂಗಳು ಪಾಲಕ್, ಮೆಂತ್ಯ, ಮೂಲಂಗಿ, ಸುಕುಮಾ ಹಾಕಿ. ಬೆಂಡೆ, ಹೀರೆಯ ಆಸೆಯನ್ನು ಮಣ್ಣು ಬೆಚ್ಚಗಾಗುವ ತನಕ ತಡೆದುಕೊಳ್ಳಿ. ಬೀಜ ಇಲ್ಲಿಯದನ್ನೇ ಕೊಳ್ಳಿ. ನೀರು ಶುದ್ಧವಿರಲಿ, ಬೆಳಗ್ಗೆ ಹಾಕಿ, ಅಳತೆಯಲ್ಲಿರಲಿ. ಕೊಯ್ದ ಸೊಪ್ಪನ್ನು ತೊಳೆದೇ ತಿನ್ನಿ. ನಾಳೆ ಬೆಳಗ್ಗೆ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿರುವ ಹಿರಿಯರು ಸಿಕ್ಕರೆ ಎರಡು ನಿಮಿಷ ನಿಂತು ಕೇಳಿ: ಈಗ ಏನು ಬಿತ್ತಬಹುದು? ಅವರು ಹೇಳುತ್ತಾರೆ.